ಬೇವು, ಬೂಷ್ಟು ಮತ್ತು ಒಂದು ಡ್ರಮ್ಮಿನ ಲೆಕ್ಕ

(ಲಾಸ್ ಕೊಲಿನಾಸ್ ಸಮ್ಮೇಳನದಲ್ಲಿ ಮಾಡಿದ ಪ್ರಧಾನ ಭಾಷಣದ ಬರಹರೂಪ)



ಲಾಸ್ ಕೊಲಿನಾಸ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಗುಡ್ಡಗಳು ಎಂದರ್ಥ. ಮಲೆನಾಡಿನ ಕಡೆಯ ಮಿತ್ರರೊಬ್ಬರು ನಿನ್ನೆ ಸಂಜೆಯಿಂದ ಆ ಗುಡ್ಡಗಳನ್ನು ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ. ಹೆಸರಿಗೂ ಅದರ ಹಿಂದಿರುವ ವಸ್ತುವಿಗೂ ತಾಳೆಯಾಗುತ್ತದೆಯೇ ಎಂದು ನೋಡುವುದೇ ನನ್ನ ಕಸುಬು. ನಾನು ಚಾರ್ಟರ್ಡ್ ಅಕೌಂಟೆಂಟ್. ಸಾಹಿತಿಗಳು ನಿಲ್ಲಬೇಕಾದ ಜಾಗದಲ್ಲಿ ಲೆಕ್ಕಿಗನನ್ನು ನಿಲ್ಲಿಸಿದ್ದೀರಿ. ಹಾಗಾಗಿ ಒಂದು ಹಳೆಯ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ. ಅದರಲ್ಲಿ ನಾನು ಮಾಡಿದ ತಪ್ಪೂ ಒಂದಿದೆ.

2003ರ ಮಾರ್ಚ್ ಕೊನೆ. ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಹುಡುಗನಾಗಿ ಬೆಂಗಳೂರಿನ ಹೊರವಲಯದ ಒಂದು ಗೋದಾಮಿಗೆ ದಾಸ್ತಾನು ಎಣಿಸಲು ಹೋಗಿದ್ದೆ. ತಗಡಿನ ಸೂರು, ಅದರ ಕೆಳಗೆ ಜೈವಿಕ ಕೀಟನಾಶಕದ ಪೊಟ್ಟಣಗಳ ರಾಶಿ. ಪೊಟ್ಟಣದ ಮೇಲೆ ಬ್ಯುವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರದ ಹೆಸರು; ಒಂದು ಗ್ರಾಂ ಪುಡಿಯಲ್ಲಿ ಹತ್ತು ಕೋಟಿ ಜೀವಂತ ಬೀಜಕಗಳಿವೆ ಎಂಬ ಮಾತು. ನಾನು ಪೊಟ್ಟಣ ಎಣಿಸಿದೆ, ಬೆಲೆಯಿಂದ ಗುಣಿಸಿದೆ, ಟಿಕ್ ಹಾಕಿದೆ. ಒಳಗಿರುವುದು ಜೀವವಿರುವ ಸರಕು, ಆ ಬಿಸಿಯಲ್ಲಿ ಅದು ಇನ್ನೂ ಬದುಕಿದೆಯೇ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಅದೇ ವರ್ಷ ಚಿಂತಾಮಣಿಯ ಹತ್ತಿರ ನಮ್ಮ ಸೋದರಮಾವ ತಮ್ಮ ಟೊಮೆಟೊ ತೋಟಕ್ಕೆ ಇಂಥದ್ದೇ ಪುಡಿ ತಂದರು. ಕಾಯಿಕೊರಕ ಹುಳ ಹೆಚ್ಚಾಗಿತ್ತು. "ಬೇವಿನ ಎಣ್ಣೇನೂ ಇದರ ಜೊತೆಗೇ ಹಾಕಿ, ಎರಡೂ ನೈಸರ್ಗಿಕವೇ" ಎಂದು ಅಂಗಡಿಯವರು ಹೇಳಿದರಂತೆ. ಮಾವ ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿ ಹೊಡೆದರು. ಹುಳ ಜಗ್ಗಲಿಲ್ಲ. ದೀಪಾವಳಿಗೆ ಹೋದಾಗ ಅವರು ಹೇಳಿದ್ದು ಇಷ್ಟೇ: "ಜೈವಿಕ ಗೀವಿಕ ಎಲ್ಲ ಬರೀ ಮಾತು ಕಣಪ್ಪಾ. ದುಡ್ಡು ಹೋಯ್ತು, ಹುಳ ಉಳೀತು."

ಬೀಜಕಗಳನ್ನು ಕೊಂದದ್ದು ಗೋದಾಮಿನ ಬಿಸಿಯೋ, ಬೇವಿನ ಎಣ್ಣೆಯೋ, ಟೊಮೆಟೊ ಗಿಡವೋ ಎಂದು ಆ ಡ್ರಮ್ಮನ್ನು ಈಗ ಕೇಳುವಂತಿಲ್ಲ. ಆದರೆ ಬೇವಿಗೂ ಬೂಷ್ಟಿಗೂ ಇರುವ ಸಂಬಂಧ ನಮ್ಮ ನಾಡಿನಲ್ಲಿ ಬೆಳೆದ ಬಗೆಯನ್ನು ಹುಡುಕುತ್ತಾ ಹೋದರೆ ಒಂದು ಇತಿಹಾಸವೇ ಸಿಗುತ್ತದೆ. ಅದರ ಒಂದು ಪುಟದ ಬಗ್ಗೆ ನಾವೆಲ್ಲ ಹೆಮ್ಮೆ ಪಟ್ಟಿದ್ದೇವೆ. ಎದುರು ಪುಟವನ್ನು ಓದಿದವರು ಕಡಿಮೆ.

ಸುಣ್ಣಕಟ್ಟು

ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟದ ಕಡೆಯವರು ಈ ಸಭೆಯಲ್ಲಿದ್ದರೆ ಅವರಿಗೆ ಸುಣ್ಣಕಟ್ಟು ರೋಗ ಗೊತ್ತು. ರೇಷ್ಮೆಹುಳು ಮೇವು ಬಿಟ್ಟು ಸಾಯುತ್ತದೆ, ಗಟ್ಟಿಯಾಗುತ್ತದೆ, ಆಮೇಲೆ ಮೈಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಮಳೆ ಮತ್ತು ಚಳಿಗಾಲದ ತೇವದಲ್ಲಿ ಒಂದು ತಟ್ಟೆಗೆ ಬಂದರೆ ಮನೆಯೆಲ್ಲ ಹರಡುತ್ತದೆ. ಇಟಲಿಯ ರೇಷ್ಮೆ ಸಾಕಣೆಗಾರರು ಇದೇ ರೋಗವನ್ನು ತಮ್ಮ ಭಾಷೆಯಲ್ಲಿ ಸುಣ್ಣದ ಹೆಸರಿನಿಂದಲೇ ಕರೆಯುತ್ತಿದ್ದರು. ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನ ರೈತರ ಕಣ್ಣಿಗೆ ಬಿದ್ದದ್ದು ಒಂದೇ ಸುಣ್ಣ.

ಇಟಲಿಯ ಲೋಡಿ ಪ್ರದೇಶದ ಅಗಸ್ಟಿನೋ ಬಾಸ್ಸಿ ಓದಿದ್ದು ಕಾನೂನು. ರೇಷ್ಮೆಹುಳುವಿನ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, ಈ ರೋಗಕ್ಕೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಗಳಿಂದ ಹರಡುವ ಒಂದು ಶಿಲೀಂಧ್ರ ಎಂದು ಅವನು 1835ರಲ್ಲಿ ಪ್ರಕಟಿಸಿದ. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರುತ್ತದೆ ಎಂದು ತೋರಿಸಿದ ಮೊದಲ ಕೆಲಸಗಳಲ್ಲಿ ಅದೂ ಒಂದು. ಪಾಶ್ಚರ್ ಬಂದದ್ದು ದಶಕಗಳ ನಂತರ. ಶಿಲೀಂಧ್ರದ ಹೆಸರಿನಲ್ಲಿರುವ ಬ್ಯಾಸಿಯಾನಾ ಆ ಬಾಸ್ಸಿಯ ನೆನಪು. ನಾನು ಗೋದಾಮಿನಲ್ಲಿ ಎಣಿಸಿದ ಪೊಟ್ಟಣದೊಳಗಿದ್ದದ್ದು ಇದೇ ಸುಣ್ಣಕಟ್ಟಿನ ಶಿಲೀಂಧ್ರ.

ರೇಷ್ಮೆಹುಳುವನ್ನು ಕೊಲ್ಲುವುದು ಬೆಳೆ ತಿನ್ನುವ ಹುಳವನ್ನೂ ಕೊಲ್ಲಬಲ್ಲದಲ್ಲವೇ? 1879ರಲ್ಲಿ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಎಲಿ ಮೆಚ್ನಿಕಾಫ್ ಈ ದಾರಿ ಹಿಡಿದ. ಗೋಧಿಯ ದುಂಬಿಗಳನ್ನು ಹಸಿರು ಬಣ್ಣಕ್ಕೆ ತಿರುಗಿಸಿ ಕೊಲ್ಲುವ ಇನ್ನೊಂದು ಶಿಲೀಂಧ್ರವನ್ನು, ಈಗಿನ ಮೆಟಾರೈಜಿಯಂ ಅನ್ನು, ಬೆಳೆಸಿ ಹೊಲಕ್ಕೆ ಬಿಡಬಹುದೆಂದು ಹೇಳಿದ. ಹೀಗೆ ರೋಗದ ಖಾತೆಯಲ್ಲಿದ್ದ ಶಿಲೀಂಧ್ರಗಳಿಗೆ ಔಷಧಿಯ ಖಾತೆಯಲ್ಲೂ ಜಾಗ ಸಿಕ್ಕಿತು.

ಕೋಲ್ಮನ್ ಸಾಹೇಬರ ತುತ್ತ

ನಮ್ಮ ಕಡೆಯ ಕಥೆ ಮೈಸೂರು ಸಂಸ್ಥಾನದಿಂದ ಶುರುವಾಗುತ್ತದೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿದರು. ಶಿಲೀಂಧ್ರವೂ ಕೀಟವೂ ಒಬ್ಬರದೇ ಜವಾಬ್ದಾರಿಯಾಗಿದ್ದ ಕಾಲ ಅದು. ಆಗ ಮಲೆನಾಡಿನ ಅಡಿಕೆಯನ್ನು ಕೊಳೆರೋಗ ತಿನ್ನುತ್ತಿತ್ತು. ರೈತರು ಮಳೆಗೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳುತ್ತಿದ್ದರು. ಕೋಲ್ಮನ್ ರೋಗದ ಕಾರಣ ಹುಡುಕಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಆ ನೀಲಿ ನೀರನ್ನು ಇಂದಿಗೂ ಅಡಿಕೆ ತೋಟದಲ್ಲಿ ಹೊಡೆಯುತ್ತಾರೆ. ನಮ್ಮ ಕೊಳೆರೋಗ ಎಂಬ ಪದವನ್ನು ಇಂಗ್ಲಿಷಿನ ಸಸ್ಯರೋಗ ಗ್ರಂಥಗಳು ಹಾಗೆಯೇ ಉಳಿಸಿಕೊಂಡಿವೆ.

ಕೋಲ್ಮನ್ ಮತ್ತು ಅವರ ಸಹೋದ್ಯೋಗಿ ಕುಂಞಿಕಣ್ಣನ್ 1918ರಲ್ಲಿ ದಕ್ಷಿಣ ಭಾರತದ ಕಾಫಿಗೆ ಬೀಳುವ ಶಲ್ಕ ಕೀಟಗಳ ಬಗ್ಗೆ ಒಂದು ಪುಸ್ತಿಕೆ ತಂದರು. ಕಾಫಿ ಎಲೆಯ ನಡುನರದ ಉದ್ದಕ್ಕೂ ಅಂಟಿಕೊಂಡು ರಸ ಹೀರುವ ಹಸಿರು ಶಲ್ಕ ಕೀಟಕ್ಕೆ ಒಬ್ಬ ಸಹಜ ಶತ್ರು ಇದ್ದಾನೆ. ಅದೂ ಒಂದು ಶಿಲೀಂಧ್ರವೇ. ಮಳೆಗಾಲದಲ್ಲಿ ಸತ್ತ ಕೀಟದ ಸುತ್ತ ಬಿಳಿಯ ಅಂಚು ಕಟ್ಟಿ ಕಾಣುತ್ತದೆ. 1898ರಲ್ಲಿ ಜಾವಾದ ಕಾಫಿ ತೋಟದ ಶಲ್ಕ ಕೀಟದ ಮೇಲಿಂದ ಇದಕ್ಕೆ ಹೆಸರಿಟ್ಟರು. ಯಾರೂ ಹಣ ಕೊಡದೆ, ಯಾರೂ ಹೊಡೆಯದೆ ಕೆಲಸ ಮಾಡಿಕೊಂಡು ಹೋಗುವ ಶಿಲೀಂಧ್ರ ಇದು.

ಕಾಫಿಯ ಎಲೆತುಕ್ಕು ರೋಗಕ್ಕೂ ಹೊಡೆಯುವುದು ಬೋರ್ಡೋ ದ್ರಾವಣವನ್ನೇ. ಇದು ಕೆಟ್ಟ ಶಿಲೀಂಧ್ರ, ಇದು ಒಳ್ಳೆಯದು ಎಂದು ತಾಮ್ರ ನೋಡುವುದಿಲ್ಲ. ಫ್ಲಾರಿಡಾದ ಕಿತ್ತಳೆ ತೋಟಗಳಲ್ಲಿ ಬೋರ್ಡೋ ಹೊಡೆದ ಮರಗಳಲ್ಲಿ ಶಲ್ಕ ಕೀಟ ಹೆಚ್ಚುವುದನ್ನು 20ನೇ ಶತಮಾನದ ಆರಂಭದಲ್ಲೇ ಗಮನಿಸಿದ್ದರು. ಸ್ನೇಹಿ ಶಿಲೀಂಧ್ರ ಸತ್ತದ್ದೇ ಕಾರಣ ಎಂದು ಮೊದಲು ಹೇಳಿದರು. ಅದೊಂದೇ ಕಾರಣವಲ್ಲ ಎಂಬ ವಾದ ಆಮೇಲೆ ಬಂತು. ಒಂದು ರೋಗಕ್ಕೆಂದು ಹೊಡೆದ ಔಷಧಿ ಬೇರೆ ಕಡೆ ಬಾಕಿ ಉಳಿಸಬಹುದು ಎಂಬ ಎಚ್ಚರವಂತೂ ಅಂದಿನಿಂದಲೇ ದಾಖಲಾಗಿದೆ.

ಬೇವು ಮ್ಯೂನಿಕ್‌ಗೆ ಹೋದದ್ದು

ಈಗ ನಾವು ಹೆಮ್ಮೆ ಪಟ್ಟ ಪುಟಕ್ಕೆ ಬರೋಣ. ಬೇವಿನ ಎಲೆಯನ್ನು ಕಾಳಿನ ಕಣಜಕ್ಕೆ ಹಾಕುವುದು, ಹಿಂಡಿಯನ್ನು ಗೊಬ್ಬರಕ್ಕೆ ಬೆರೆಸುವುದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಪ್ರಯೋಗಾಲಯಕ್ಕೆ ಈ ವಿಷಯ ಗಂಭೀರವಾಗಿ ಬಂದದ್ದು 1960ರ ಸುಮಾರಿಗೆ. ಸುಡಾನಿನಲ್ಲಿ ಮಿಡತೆಯ ದಂಡು ಎಲ್ಲವನ್ನೂ ಬೋಳಿಸಿ ಬೇವಿನ ಮರವನ್ನು ಮಾತ್ರ ಬಿಟ್ಟದ್ದನ್ನು ಜರ್ಮನಿಯ ಕೀಟತಜ್ಞ ಶ್ಮುಟ್ಟರರ್ ಕಂಡರು. ಬೇವಿನ ಬೀಜದ ಕಷಾಯ ಮಿಡತೆಯನ್ನು ದೂರ ಇಡುತ್ತದೆ ಎಂದು ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಪ್ರಧಾನ್ ಮತ್ತವರ ತಂಡ 1962ರಲ್ಲಿ ತೋರಿಸಿತು. 1968ರಲ್ಲಿ ಇಂಗ್ಲೆಂಡಿನಲ್ಲಿ ಅದರ ಮುಖ್ಯ ಅಂಶವನ್ನು ಬೇರ್ಪಡಿಸಿದರು. ಅದೇ ಅಜಾಡಿರಾಕ್ಟಿನ್.

ಅಮೆರಿಕದ ಒಬ್ಬ ಮರದ ವ್ಯಾಪಾರಿ ಬೇವಿನ ಬೀಜ ತರಿಸಿ ತಯಾರಿಸಿದ ಮಾರ್ಗೋಸಾನ್-ಓ ಎಂಬ ಕೀಟನಾಶಕಕ್ಕೆ 1985ರಲ್ಲಿ ಇಲ್ಲಿನ ಸರ್ಕಾರದ ಅನುಮತಿ ಸಿಕ್ಕಿತು. ಅದನ್ನು ಡಬ್ಲ್ಯೂ.ಆರ್. ಗ್ರೇಸ್ ಕಂಪನಿ ಕೊಂಡಿತು. ಬೆಂಗಳೂರಿನ ಪಿ.ಜೆ. ಮಾರ್ಗೋ ಸಂಸ್ಥೆಯ ಜೊತೆಗೂಡಿ ಗ್ರೇಸ್ ತುಮಕೂರಿನಲ್ಲಿ ಬೇವಿನ ಬೀಜ ಸಂಸ್ಕರಿಸುವ ಕಾರ್ಖಾನೆಗೆ ಕೈಹಾಕಿತು. ಮನೆಯ ಹಿತ್ತಲಿನ ಮರ ಪೇಟೆಂಟಿನ ಸರಕಾಯಿತು ಎಂಬ ಸಿಟ್ಟು ಎಲ್ಲೆಡೆ ಎದ್ದಿತು. 1993ರಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಡಂಕೆಲ್ ಪ್ರಸ್ತಾವದ ವಿರುದ್ಧ ಬೆಂಗಳೂರಿನಲ್ಲಿ ಸೇರಿಸಿದ ಜನಸಾಗರವನ್ನು ಕಂಡವರು ಇಲ್ಲಿಯೂ ಕೆಲವರಿರಬಹುದು. ಆ ಹೋರಾಟದ ದಿನಗಳಲ್ಲಿ ಬೇವು ಒಂದು ಲಾಂಛನವೇ ಆಯಿತು.

1994ರ ಸೆಪ್ಟೆಂಬರಿನಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಗ್ರೇಸ್ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ ಜಂಟಿಯಾಗಿ ಒಂದು ಪೇಟೆಂಟ್ ಕೊಟ್ಟಿತು. ಹೌದು, ನಾವೆಲ್ಲ ಈಗ ತೆರಿಗೆ ಕಟ್ಟುವ ಸರ್ಕಾರದ ಇಲಾಖೆಯೇ. ವಂದನಾ ಶಿವ, ಯುರೋಪಿನ ಹಸಿರು ಪಕ್ಷದ ಮಾಗ್ದಾ ಆಲ್ವೂಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಸೇರಿ 1995ರಲ್ಲಿ ತಕರಾರು ಹಾಕಿದರು. ಪುಣೆಯ ಉದ್ಯಮಿ ಅಭಯ್ ಫಡ್ಕೆ ಮ್ಯೂನಿಕ್‌ಗೆ ಹೋಗಿ, 1985 ಮತ್ತು 1986ರಲ್ಲೇ ಮಹಾರಾಷ್ಟ್ರದ ಹೊಲಗಳಲ್ಲಿ ಬೇವಿನ ಸಾರವನ್ನು ಪ್ರಯೋಗಿಸಿದ್ದಕ್ಕೆ ಸಾಕ್ಷ್ಯ ನುಡಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರ ಮಾರ್ಚ್ 8ರಂದು ಬಿದ್ದುಹೋಯಿತು. ನಾವೆಲ್ಲ ಸಿಹಿ ಹಂಚಿದೆವು. ಹಂಚಬೇಕಾದ ಸಂಗತಿಯೇ ಅದು.

ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಪೇಟೆಂಟಿನ ಒಕ್ಕಣೆ. ಬಹಳ ಜನ ಅದನ್ನು ಬೇವಿನ ಮೇಲಿನ ಪೇಟೆಂಟ್ ಎಂದೋ, ಕೀಟನಾಶಕದ ಪೇಟೆಂಟ್ ಎಂದೋ ತಿಳಿದಿದ್ದಾರೆ. ಅದರ ಬೇಡಿಕೆ ಹೀಗಿತ್ತು: ಅಜಾಡಿರಾಕ್ಟಿನ್ ಬಹುಮಟ್ಟಿಗೆ ತೆಗೆದ ಬೇವಿನ ಎಣ್ಣೆಯನ್ನು ಶೇಕಡಾ 0.1ರಿಂದ 10ರ ಪ್ರಮಾಣದಲ್ಲಿ ಗಿಡಕ್ಕೆ ಹೊಡೆದು ಶಿಲೀಂಧ್ರವನ್ನು ಹತೋಟಿಗೆ ತರುವ ವಿಧಾನ. ಅಂದರೆ ಮ್ಯೂನಿಕ್‌ನಲ್ಲಿ ನಡೆದ ಹತ್ತು ವರ್ಷದ ವ್ಯಾಜ್ಯದಲ್ಲಿ ಎರಡೂ ಪಕ್ಷದವರು ಒಪ್ಪಿದ ಸಂಗತಿ ಒಂದಿತ್ತು: ಬೇವು ಬೂಷ್ಟನ್ನು ತಡೆಯುತ್ತದೆ. ಜಗಳವಿದ್ದದ್ದು ಅದನ್ನು ಮೊದಲು ಕಂಡವರು ಯಾರು ಎಂಬುದಕ್ಕೆ.

ಅದೇ ಹತ್ತು ವರ್ಷದಲ್ಲಿ ಕರ್ನಾಟಕದಲ್ಲಿ ಬೂಷ್ಟನ್ನು ಮಿತ್ರನನ್ನಾಗಿ ಕರೆತರುವ ಕೆಲಸ ಜೋರಾಗಿ ನಡೆದಿತ್ತು. ಬೆಂಗಳೂರಿನಲ್ಲಿ 1993ರಲ್ಲಿ ಜೈವಿಕ ನಿಯಂತ್ರಣದ ರಾಷ್ಟ್ರೀಯ ನಿರ್ದೇಶನಾಲಯ ಶುರುವಾಯಿತು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡ ಕಾಫಿ ಕಾಯಿಕೊರಕ ಕೊಡಗಿಗೂ ಹಬ್ಬಿದಾಗ, ಅದರ ವಿರುದ್ಧ ತಂದ ಅಸ್ತ್ರಗಳಲ್ಲಿ ಬ್ಯುವೇರಿಯಾವೂ ಒಂದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಶೇಂಗಾ ಮತ್ತು ಸೋಯಾಬೀನಿನ ಎಲೆ ತಿನ್ನುವ ಹುಳಕ್ಕೆ ನೊಮುರಿಯಾ ಎಂಬ ಶಿಲೀಂಧ್ರವನ್ನು ಬೆಳೆಸಿ ರೈತರಿಗೆ ಕೊಟ್ಟಿತು. ಒಳ್ಳೆಯ ಮಳೆಯ ವರ್ಷ ಈ ಶಿಲೀಂಧ್ರ ತಾನಾಗಿಯೇ ಹರಡಿ, ಹುಳಗಳು ಎಲೆಗೆ ಕಚ್ಚಿಕೊಂಡಲ್ಲೇ ಬೆಳ್ಳಗಾಗಿ ಸತ್ತಿರುತ್ತವೆ.

ಒಂದು ಕಡತದಲ್ಲಿ ಬೇವು ಶಿಲೀಂಧ್ರನಾಶಕ. ಇನ್ನೊಂದು ಕಡತದಲ್ಲಿ ಶಿಲೀಂಧ್ರ ಕೀಟನಾಶಕ. ಎರಡಕ್ಕೂ ನೈಸರ್ಗಿಕ ಎಂಬ ಒಂದೇ ಚೀಟಿ. ಅಂಗಡಿಯ ಕಟ್ಟೆಯ ಮೇಲೆ ಎರಡೂ ಅಕ್ಕಪಕ್ಕ ಕುಳಿತವು, ಮಾವನ ಡ್ರಮ್ಮಿನಲ್ಲಿ ಒಂದಾದವು.

ಡ್ರಮ್ಮಿನೊಳಗೆ

ಶಿಲೀಂಧ್ರ ಹುಳವನ್ನು ಕೊಲ್ಲುವ ರೀತಿ ರಾಸಾಯನಿಕ ವಿಷದ ರೀತಿಯಲ್ಲ. ಹುಳ ಅದನ್ನು ತಿನ್ನಬೇಕಾಗಿಲ್ಲ. ಬೀಜಕ ಚರ್ಮಕ್ಕೆ ಅಂಟಿ, ತೇವ ಸಿಕ್ಕರೆ ಮೊಳೆತು, ಚರ್ಮ ಕರಗಿಸುವ ಕಿಣ್ವಗಳನ್ನು ಬಿಟ್ಟು ಒಳಗೆ ಇಳಿಯುತ್ತದೆ. ಸಾವಿಗೆ ಹಲವು ದಿನ ಬೇಕು. ಆಮೇಲೆ ಹೆಣದ ಮೇಲೆ ಹೊಸ ಬೀಜಕಗಳು ಬೆಳೆದು ಮುಂದಿನ ಹುಳಕ್ಕೆ ಹಾರುತ್ತವೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಇದು ಅಸಲಿಗೆ ಬಡ್ಡಿ ಹುಟ್ಟುವ ಹೂಡಿಕೆ. ಮೊಳಕೆ, ಬೆಳವಣಿಗೆ, ಹೊಸ ಬೀಜಕ, ಈ ಮೂರರಲ್ಲಿ ಯಾವುದಕ್ಕೆ ಪೆಟ್ಟು ಬಿದ್ದರೂ ಬಡ್ಡಿ ನಿಲ್ಲುತ್ತದೆ.

ಬೇವಿನ ಎಣ್ಣೆ ಈ ಮೂರನ್ನೂ ಕುಗ್ಗಿಸಬಲ್ಲದು ಎಂದು 2001ರಲ್ಲಿ ಬ್ರೆಜಿಲ್‌ನ ಸಂಶೋಧಕರು ತೋರಿಸಿದರು. ಹೆಚ್ಚಿನ ಪೆಟ್ಟು ಬಿದ್ದದ್ದು ಹೊಸ ಬೀಜಕಗಳ ಉತ್ಪತ್ತಿಗೆ. ನಿಲ್ಲಿ, ಇಷ್ಟಕ್ಕೇ ತೀರ್ಪು ಬರೆದರೆ ನನ್ನ ವೃತ್ತಿಗೆ ಅವಮಾನ. 2007ರಲ್ಲಿ ಆಂಧ್ರದ ಸಂಶೋಧಕರು ಬ್ಯುವೇರಿಯಾದ 30 ಬೇರೆ ಬೇರೆ ತಳಿಗಳನ್ನು ಬೇವಿನ ಜೊತೆ ಬೆಳೆಸಿ ನೋಡಿದರು. ಬಹುಪಾಲು ತಳಿಗಳು ತಾಳಿಕೊಂಡವು, ಕೆಲವು ಸೊರಗಿದವು. ತಾಳಿಕೊಳ್ಳುವ ತಳಿಯನ್ನು ಬೇವಿನೊಂದಿಗೆ ಕೊಟ್ಟಾಗ ಎಲೆ ತಿನ್ನುವ ಹುಳ ಹೆಚ್ಚು ಸತ್ತಿತು. ಇದಕ್ಕೆ ಒಂದು ಕಾರಣವನ್ನು ಊಹಿಸುವುದು ಸುಲಭ. ರೇಷ್ಮೆ ಸಾಕುವವರು ಹುಳು ಜ್ವರಕ್ಕೆ ಕೂತಿತು ಎನ್ನುತ್ತಾರಲ್ಲ, ಆ ಪೊರೆ ಬಿಡುವ ಕಾಲದಲ್ಲಿ ಹುಳ ಹಳೆಯ ಚರ್ಮದ ಜೊತೆ ಅದಕ್ಕಂಟಿದ ಬೀಜಕಗಳನ್ನೂ ಕಳಚಿಬಿಡುತ್ತದೆ. ಅಜಾಡಿರಾಕ್ಟಿನ್ ಪೊರೆ ಬಿಡುವುದನ್ನು ತಡಮಾಡುತ್ತದೆ. ಶಿಲೀಂಧ್ರಕ್ಕೆ ಒಳನುಗ್ಗಲು ಸಮಯ ಸಿಗುತ್ತದೆ. ಒಂದೇ ಬೇವಿನ ಬೀಜದಲ್ಲಿ ಶಿಲೀಂಧ್ರಕ್ಕೆ ಅಡ್ಡಿಯಾಗುವ ಎಣ್ಣೆಯೂ ಇದೆ, ನೆರವಾಗಬಲ್ಲ ಅಜಾಡಿರಾಕ್ಟಿನ್ನೂ ಇದೆ.

ಇನ್ನು ಮಾವನ ತೋಟದ ಮೂರನೆಯ ಪಾಲುದಾರ, ಟೊಮೆಟೊ ಗಿಡ. ಅದರ ಎಲೆಯಲ್ಲೂ ಹಸಿರು ಕಾಯಿಯಲ್ಲೂ ಟೊಮಾಟಿನ್ ಎಂಬ ಕಹಿ ವಸ್ತುವಿದೆ. ಹಣ್ಣಾಗುತ್ತಾ ಅದು ಕರಗುತ್ತದೆ. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿರುವ ಸ್ಟೆರಾಲ್‌ಗೆ ಅಂಟಿ ಪೊರೆಯನ್ನು ಒಡೆಯುವುದು ಅದರ ಗುಣ. ಗಿಡ ಇದನ್ನು ಇಟ್ಟುಕೊಂಡಿರುವುದು ತನ್ನ ರಕ್ಷಣೆಗೆ. ಆದರೆ 1989ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದನ್ನು ಬ್ಯುವೇರಿಯಾಕ್ಕೆ ತಾಗಿಸಿ ನೋಡಿದಾಗ ಶಿಲೀಂಧ್ರದ ಬೆಳವಣಿಗೆ ಕುಗ್ಗಿತು. ಗಿಡದ ಕಾವಲುಗಾರ ಗಿಡದ ಗೆಳೆಯನನ್ನೇ ಬಾಗಿಲಲ್ಲಿ ತಡೆದಂತೆ. ಹಾಗಾಗಿ ಒಂದು ಬೆಳೆಯಲ್ಲಿ ಗೆದ್ದ ಶಿಲೀಂಧ್ರ ಇನ್ನೊಂದು ಬೆಳೆಯಲ್ಲಿ ಸೋತರೆ ಅದು ಮೋಸವೇ ಆಗಬೇಕೆಂದಿಲ್ಲ.

ಇದೇ ಲೆಕ್ಕವನ್ನು ರಾಮನಗರದಲ್ಲಿ ಬರೆದರೆ ಸಾಲುಗಳು ತಿರುಗುತ್ತವೆ. ಕೊಡಗಿನ ಕಾಫಿಗೆ ಜಮೆಯಾದ ಬ್ಯುವೇರಿಯಾ ರೇಷ್ಮೆ ಮನೆಗೆ ಖರ್ಚು. ಹಿಪ್ಪುನೇರಳೆ ಸೊಪ್ಪಿನ ಮೇಲೆ ಉಳಿದ ಬೇವಿನ ಅಂಶವೂ ರೇಷ್ಮೆಹುಳುವಿಗೆ ವಿಷವೇ. ಒಂದೇ ರಾಜ್ಯ, ಒಂದೇ ಶಿಲೀಂಧ್ರ, ಎರಡು ಊರಿಗೆ ಎರಡು ಫಲ.

ನಮಗೇಕೆ ಈ ಮಾತು

ಡಾಲಸ್ಸಿನಲ್ಲಿ ಕುಳಿತ ನಮಗೆ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ಒಂದನೆಯದಾಗಿ, ನಮ್ಮ ಮನೆಗಳ ಅಡಿಪಾಯ ಬಿರುಕು ಬಿಡದಿರಲು ಬೇಸಗೆಯಲ್ಲಿ ನೀರು ಬಿಡುತ್ತೇವಲ್ಲ, ಆ ಕಪ್ಪು ಮಣ್ಣು ಧಾರವಾಡದ ಎರೆಮಣ್ಣಿನ ನೆಂಟ. ಎರಡೂ ಹತ್ತಿಯ ನೆಲ. ಇಲ್ಲಿಂದ ಮೂರು ಗಂಟೆ ದಾರಿಯ ಕಾಲೇಜ್ ಸ್ಟೇಷನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಬ್ಯುವೇರಿಯಾವನ್ನು ಹತ್ತಿ ಗಿಡದ ಒಳಗೇ ನೆಲೆಗೊಳಿಸಿ, ಹೇನುಗಳ ಸಂತಾನ ಕಡಿಮೆಯಾಗುವುದನ್ನು 2014ರಲ್ಲಿ ತೋರಿಸಿದ್ದಾರೆ. ಹತ್ತಿಗೂ ತನ್ನದೇ ವಿಷಗಳಿವೆ, ಗಾಸಿಪಾಲ್ ಅಂಥದ್ದೊಂದು. ಆ ಗಿಡದೊಳಗೂ ಶಿಲೀಂಧ್ರಕ್ಕೆ ಬದುಕಲು ಸಾಧ್ಯವಾಗಿದೆ. ಹೊಂದಾಣಿಕೆ ಆಗುವುದೇ ಇಲ್ಲ ಎಂದು ಯಾರೂ ಕೈಚೆಲ್ಲಬೇಕಾಗಿಲ್ಲ, ಹುಡುಕಬೇಕು ಅಷ್ಟೇ.

ಎರಡನೆಯದು ಹಣದ ಮಾತು. ಈ ಸಭೆಯಲ್ಲಿರುವ ಅನೇಕರು ಊರಿನ ನೈಸರ್ಗಿಕ ಕೃಷಿಯ ಕೆಲಸಗಳಿಗೆ ಹಣ ಕಳಿಸುತ್ತೀರಿ, ನಾನೂ ಕಳಿಸುತ್ತೇನೆ. ಕಳಿಸುವಾಗ ನಾವು ಕೇಳುವುದು ಎಷ್ಟು ಎಕರೆ, ಎಷ್ಟು ರೈತರು ಎಂದು. ಅದು ನಾನು ಗೋದಾಮಿನಲ್ಲಿ ಪೊಟ್ಟಣ ಎಣಿಸಿದಂತೆ. ಇನ್ನು ಮೂರು ಪ್ರಶ್ನೆ ಸೇರಿಸಿ. ಶಿಲೀಂಧ್ರದ ತಳಿ ಯಾವುದು, ಈ ಬೆಳೆಯ ಮೇಲೆ ಪರೀಕ್ಷೆ ಆಗಿದೆಯೇ? ತಯಾರಾದದ್ದು ಯಾವಾಗ, ಇಟ್ಟಿದ್ದದ್ದು ಎಲ್ಲಿ? ಅದೇ ಡ್ರಮ್ಮಿಗೆ ಇನ್ನೇನು ಬೀಳುತ್ತದೆ? ಉತ್ತರ ಸಿಗದಿದ್ದರೆ ನಷ್ಟ ನಮ್ಮದಲ್ಲ. ಸಾಲ ಮಾಡಿ ಹೊಡೆದ ರೈತನದು. ಒಮ್ಮೆ ಸೋತ ರೈತ ಅಂಗಡಿಯವರನ್ನು ಬೈಯುವುದಿಲ್ಲ, ಜೈವಿಕ ಎಂಬ ಮಾತನ್ನೇ ನಂಬುವುದು ಬಿಡುತ್ತಾನೆ. ಆ ನಂಬಿಕೆಯನ್ನು ಯಾವ ಪೇಟೆಂಟ್ ಕಚೇರಿಯೂ ವಾಪಸ್ ಕೊಡಿಸಲಾರದು.

ಕಳೆದ ವರ್ಷ ಊರಿಗೆ ಹೋದಾಗ ಇದನ್ನೆಲ್ಲ ಮಾವನಿಗೆ ಹೇಳಿದೆ. ಈಗ ತೋಟ ನೋಡಿಕೊಳ್ಳುವುದು ಅವರ ಮಗ. ಮೊದಲು ಬೇವಿನ ಬೀಜದ ಕಷಾಯ, ವಾರ ಬಿಟ್ಟು ತೊಳೆದ ಡ್ರಮ್ಮಿನಲ್ಲಿ ಹೊಸ ಪುಡಿ, ಅದೂ ಸಂಜೆ ತಂಪಿನಲ್ಲಿ, ಎಂದು ಮಾಡಿ ನೋಡಿದರು. ತಿಂಗಳಾದ ಮೇಲೆ ಫೋನು ಮಾಡಿದೆ.

"ಹುಳ ಹೋಯ್ತಾ ಮಾವ?"

"ಅರ್ಧ ಹೋಯ್ತು ಕಣಪ್ಪಾ. ಮಿಕ್ಕಿದ್ದಕ್ಕೆ ಹಳೇ ಔಷಧೀನೇ ಹೊಡೆದ್ವಿ. ಹೋದ ಸಲ ಐದು ಸಲ ಹೊಡೆದಿದ್ದು, ಈ ಸಲ ಎರಡು."

ಐದರಲ್ಲಿ ಎರಡು ಕಳೆದರೆ ಮೂರು. 2003ರಲ್ಲಿ ಗೋದಾಮಿನಲ್ಲಿ ಟಿಕ್ ಹಾಕಿದ ಹುಡುಗ ಇಪ್ಪತ್ತು ವರ್ಷ ತಡವಾಗಿ ತಿದ್ದಿಕೊಂಡ ಲೆಕ್ಕ ಅದು.